ಮಾವ ಕೊಟ್ಟ ರೇಡಿಯೋ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮದುವೆ ಗೊತ್ತಾದ ಮೇಲೆ ಯಾದಿ ಬರೆಯುವ ರೂಢಿಯಿದೆ. ಎರಡೂ ಕಡೆಯ ಹಿರಿಯರು ಜಮಖಾನೆಯ ಮೇಲೆ ಎದುರುಬದುರು ಕುಳಿತು, ಎಲೆ ಅಡಿಕೆ ಮೆಲ್ಲುತ್ತ, ಯಾರು ಏನು ಕೊಡಬೇಕು, ಯಾವ ಖರ್ಚು ಯಾರ ಪಾಲಿಗೆ ಎಂಬುದನ್ನು ಹಾಳೆಯೊಂದರ ಮೇಲೆ ಬರೆಸುತ್ತಾರೆ. ಬಂಗಾರ, ಬಟ್ಟೆ, ಊಟದ ಲೆಕ್ಕ ಮುಗಿದ ಮೇಲೆ ವರೋಪಚಾರದ ಮಾತು ಬರುತ್ತದೆ. ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ, ಯಂಕಂಚಿಯಂಥ ಒಕ್ಕಲುತನದ ಊರುಗಳಲ್ಲಿ, 1960 ಮತ್ತು 70ರ ದಶಕಗಳಲ್ಲಿ ಈ ಮಾತು ಬಂದಾಗ ಮೂರು ವಸ್ತುಗಳ ಹೆಸರು ಒಟ್ಟಿಗೇ ಕೇಳಿಬರುತ್ತಿತ್ತು: ಕೈಗಡಿಯಾರ, ಸೈಕಲ್ಲು, ರೇಡಿಯೋ.

ಇವುಗಳಲ್ಲಿ ಗಡಿಯಾರ ಮತ್ತು ಸೈಕಲ್ಲು ಅಳಿಯ ಒಬ್ಬನ ಉಪಯೋಗಕ್ಕೆ. ರೇಡಿಯೋ ಹಾಗಲ್ಲ, ಅದು ಮಾತನಾಡತೊಡಗಿದರೆ ಮನೆ ಮಂದಿಯೆಲ್ಲ ಕೇಳಲೇಬೇಕು. ಕಟ್ಟೆಯ ಮೇಲಿಟ್ಟರೆ ಓಣಿಯೇ ಕೇಳುತ್ತದೆ. ಹಾಗಿದ್ದೂ ಅದನ್ನು ಕೊಳ್ಳುವವನು ಒಬ್ಬ, ಅದರ ಗುಂಡಿ ತಿರುಗಿಸುವವನು ಇನ್ನೊಬ್ಬ, ಕೇಳುವವರು ಹಲವರು. ಹಾಡುವ ಪೆಟ್ಟಿಗೆಯನ್ನು ಉಡುಗೊರೆಯಾಗಿ ಕೊಡುವ ಪದ್ಧತಿಯ ಚರಿತ್ರೆಯನ್ನು ನೋಡಿದರೆ ಯಂತ್ರ ಬದಲಾದಂತೆಲ್ಲ ಈ ಮೂವರ ಸಂಬಂಧವೂ ಬದಲಾಗುತ್ತ ಬಂದಿರುವುದು ಕಾಣುತ್ತದೆ.

ಕೀಲಿ ಕೊಡುವ ಪೆಟ್ಟಿಗೆ

ರೇಡಿಯೋಕ್ಕೆ ಮೊದಲು ಒಯ್ಯಬಹುದಾದ ಸಂಗೀತವೆಂದರೆ ಗ್ರಾಮೋಫೋನು. 1902ರಲ್ಲಿ ಭಾರತದಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡ ಗ್ರಾಮೋಫೋನ್ ಕಂಪನಿ 1908ರಲ್ಲಿ ಕಲಕತ್ತೆಯಲ್ಲಿ ತಟ್ಟೆಗಳ ಕಾರ್ಖಾನೆ ತೆರೆಯಿತು. 1930ರ ದಶಕದ ಹೊತ್ತಿಗೆ ಮುಚ್ಚಳ ಮುಚ್ಚಿ ಹಿಡಿಕೆ ಹಿಡಿದು ಒಯ್ಯುವಂಥ ಪೆಟ್ಟಿಗೆಗಳು ಬಂದಿದ್ದವು. ವಿದ್ಯುತ್ತು ಬೇಕಿರಲಿಲ್ಲ, ಕೀಲಿ ಕೊಟ್ಟರೆ ಸಾಕು. ಆದರೆ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು ಮಾತ್ರ. ಉಕ್ಕಿನ ಮುಳ್ಳು ಬೇಗ ಸವೆಯುತ್ತಿದ್ದುದರಿಂದ ಅದನ್ನು ಮತ್ತೆ ಮತ್ತೆ ಬದಲಿಸಬೇಕಾಗುತ್ತಿತ್ತು.

ಈ ತಟ್ಟೆಗಳ ಮೂಲಕ ನಾಡಿನಾಚೆಗೂ ಹೋದ ಕಂಠಗಳಲ್ಲಿ ಒಂದು ಆಗಿನ ವಿಜಾಪುರ ಜಿಲ್ಲೆಯದೇ. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ರಂಗಭೂಮಿಯಿಂದ ಮುಂಬಯಿಯ ಚಿತ್ರರಂಗಕ್ಕೆ ಹೋಗಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಆದರೆ ಅವರ ಹಾಡಿನ ತಟ್ಟೆಯನ್ನು ಮನೆಯಲ್ಲಿ ಹಾಕಿ ಕೇಳುವ ಭಾಗ್ಯ ಅವರದೇ ಜಿಲ್ಲೆಯ ಸಾಮಾನ್ಯ ರೈತನಿಗಿರಲಿಲ್ಲ. ಗ್ರಾಮೋಫೋನು ಅನುಕೂಲಸ್ಥರ ವಾಡೆಯ ವಸ್ತುವಾಗಿ ಉಳಿಯಿತು.

ಹೆಗಲಿಗೇರಿದ ಹಾಡು

ಈ ಸ್ಥಿತಿಯನ್ನು ಬದಲಿಸಿದ್ದು ಟ್ರಾನ್ಸಿಸ್ಟರ್. 1947ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಪುಟ್ಟ ಸಾಧನ, ರೇಡಿಯೋದೊಳಗೆ ಕೆಂಪಗೆ ಕಾಯುತ್ತಿದ್ದ ಗಾಜಿನ ಕವಾಟಗಳ ಕೆಲಸವನ್ನು ಅತ್ಯಲ್ಪ ವಿದ್ಯುತ್ತಿನಲ್ಲಿ ಮಾಡಬಲ್ಲದಾಗಿತ್ತು. ಅದನ್ನು ಬಳಸಿದ ಮೊದಲ ಕಿಸೆ ರೇಡಿಯೋ ‘ರೀಜೆನ್ಸಿ’ 1954ರ ಕೊನೆಯಲ್ಲಿ, ಕ್ರಿಸ್‌ಮಸ್ ಉಡುಗೊರೆಗಳ ವ್ಯಾಪಾರದ ಹೊತ್ತಿಗೆ ಸರಿಯಾಗಿ, ಅಂಗಡಿಗೆ ಬಂದಿತು. ಬೆಲೆ 49 ಡಾಲರ್ 95 ಸೆಂಟ್. ಐಬಿಎಂ ಕಂಪನಿಯ ಮುಖ್ಯಸ್ಥ ಕಿರಿಯ ಥಾಮಸ್ ವಾಟ್ಸನ್ ಅಂಥ ನೂರಕ್ಕೂ ಹೆಚ್ಚು ರೇಡಿಯೋಗಳನ್ನು ಕೊಂಡು, ಟ್ರಾನ್ಸಿಸ್ಟರನ್ನು ನಂಬದೆ ಕವಾಟಗಳಿಗೇ ಅಂಟಿಕೊಂಡಿದ್ದ ತಮ್ಮ ಎಂಜಿನಿಯರುಗಳಿಗೆ ಹಂಚಿದರು. ಉಡುಗೊರೆಯೊಂದರ ಹಿಂದೆ ಕೊಡುವವನ ಉದ್ದೇಶವೂ ಅಡಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ವಿದ್ಯುತ್ತಿಲ್ಲದ ಹಳ್ಳಿಗೆ ಟ್ರಾನ್ಸಿಸ್ಟರ್ ವರವಾಗಿ ಬಂತು. ಕವಾಟದ ರೇಡಿಯೋಕ್ಕೆ ಮಾಳಿಗೆಯ ಮೇಲೆ ಜಾಳಿಗೆಯ ಏರಿಯಲ್ ಕಟ್ಟಬೇಕಿತ್ತು, ಭಾರವಾದ ಬ್ಯಾಟರಿ ಇಡಬೇಕಿತ್ತು. ಟ್ರಾನ್ಸಿಸ್ಟರಿಗೆ ಕೆಲವು ಸೆಲ್ಲು ಸಾಕು. ತೂತು ತೂತಿನ ತೊಗಲಿನ ಚೀಲ ತೊಡಿಸಿ, ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡರೆ ಜೋಳದ ಹೊಲದ ಬದುವಿಗೂ ಅದು ಬರುತ್ತಿತ್ತು.

ಬೀಗರಿಗೆ ಕೊಡುವ ರೇಡಿಯೋ ಆರಿಸುವಾಗ ಮುಖ್ಯವಾದ ಪ್ರಶ್ನೆ ಎಷ್ಟು ಬ್ಯಾಂಡಿನದು ಎಂಬುದು. ಒಂದು ಬ್ಯಾಂಡಿನ ಪೆಟ್ಟಿಗೆ ಅಗ್ಗ, ಆದರೆ ಅದರಲ್ಲಿ ಮಧ್ಯಮ ತರಂಗ ಮಾತ್ರ. ಈ ತರಂಗಗಳು ಹಗಲಿನಲ್ಲಿ ನೆಲವನ್ನು ಹಿಡಿದು ಸಾಗುವುದರಿಂದ ಹತ್ತಿರದ ನಿಲಯಗಳೇ ಚೆನ್ನಾಗಿ ಕೇಳುತ್ತವೆ; ರಾತ್ರಿ ಆಕಾಶದ ಪದರಕ್ಕೆ ತಾಕಿ ಹಿಂತಿರುಗುವುದರಿಂದ ದೂರದವೂ ಸಿಗುತ್ತವೆ. 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ನಿಲಯ ಸಿಂದಗಿಯಿಂದ ನೇರ ದೂರದಲ್ಲೇ ಸುಮಾರು 200 ಕಿಲೋಮೀಟರ್. 1966ರಲ್ಲಿ ಕಲಬುರ್ಗಿ ನಿಲಯ ಆರಂಭವಾದಾಗ ಕನ್ನಡದ ಧ್ವನಿ 80 ಕಿಲೋಮೀಟರ್ ಆಸುಪಾಸಿಗೆ ಬಂತು. ಆದರೆ ಹಿಂದಿ ಚಿತ್ರಗೀತೆಗಳಿಗಾಗಿ ಹೆಸರಾದ ರೇಡಿಯೋ ಸಿಲೋನ್ ಕೇಳಬೇಕಾದರೆ ಹ್ರಸ್ವ ತರಂಗದ ಇನ್ನೊಂದು ಬ್ಯಾಂಡ್ ಬೇಕು. 1957ರಲ್ಲಿ ಹುಟ್ಟಿದ ವಿವಿಧ ಭಾರತಿ ಕೂಡ ಮೊದಲಿಗೆ ಮುಂಬಯಿ ಮತ್ತು ಮದರಾಸುಗಳ ಹ್ರಸ್ವ ತರಂಗದ ಪ್ರೇಷಕಗಳಿಂದಲೇ ಬರುತ್ತಿತ್ತು. ಅಳಿಯನಾಗುವವನು ಎರಡು ಬ್ಯಾಂಡಿಗೆ ಹಟ ಹಿಡಿಯುತ್ತಿದ್ದುದಕ್ಕೂ, ಮಾವನಾಗುವವನು ಒಂದೇ ಸಾಕೆಂದು ಕೊಸರುತ್ತಿದ್ದುದಕ್ಕೂ ಕಾರಣ ಇದು. ಹೊಂದಿಕೆಯಾಗದಿದ್ದರೆ ‘ಮೊದಲ ದೀಪಾವಳಿಗೆ ಬಂದಾಗ ಕೊಡತೀವಿ’ ಎಂಬ ಭರವಸೆಯ ಮೇಲೆ ಮಾತು ಮುಗಿಯುತ್ತಿತ್ತು.

ಯಾದಿ ಮತ್ತು ಕಾಯ್ದೆ

ರೇಡಿಯೋ ಕೊಟ್ಟರೆ ಕೆಲಸ ಮುಗಿಯುತ್ತಿರಲಿಲ್ಲ. ಅದನ್ನು ಇಟ್ಟುಕೊಳ್ಳುವುದಕ್ಕೆ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು, ವರ್ಷ ವರ್ಷವೂ ಅದನ್ನು ನವೀಕರಿಸಬೇಕಿತ್ತು. ಲೈಸೆನ್ಸ್ ಇಲ್ಲದೆ ರೇಡಿಯೋ ಇಟ್ಟುಕೊಳ್ಳುವುದು 1933ರ ನಿಸ್ತಂತು ತಂತಿ ಕಾಯ್ದೆಯ ಪ್ರಕಾರ ಅಪರಾಧ. 1980ರ ದಶಕದಲ್ಲಿ ಈ ಶುಲ್ಕ ರದ್ದಾಯಿತು. ಸೆಲ್ಲಿನ ಖರ್ಚು ಮಾತ್ರ ಉಳಿದೇ ಉಳಿಯಿತು. ಸೋತ ಸೆಲ್ಲುಗಳನ್ನು ಬಿಸಿಲಿಗಿಟ್ಟು ಇನ್ನೆರಡು ದಿನ ಹಾಡಿಸುವ ಉಪಾಯ ಗೊತ್ತಿಲ್ಲದ ಮನೆ ಆಗ ವಿರಳ.

ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇತ್ತು. ಮಾವ ಕೊಡುವ ರೇಡಿಯೋ ಉಡುಗೊರೆಯೋ ಹುಂಡಾವೋ? ವರದಕ್ಷಿಣೆ ನಿಷೇಧ ಕಾಯ್ದೆ 1961ರ ಜುಲೈ 1ರಂದು ಜಾರಿಗೆ ಬಂದಾಗ ಅದರಲ್ಲಿಯೇ ಒಂದು ವಿವರಣೆ ಸೇರಿತ್ತು. ಮದುವೆಯ ಸಮಯದಲ್ಲಿ ಕೊಡುವ ನಗದು, ಒಡವೆ, ಬಟ್ಟೆ ಮತ್ತಿತರ ವಸ್ತುಗಳು, ಮದುವೆಗೆ ಪ್ರತಿಫಲವಾಗಿ ಕೊಟ್ಟವಲ್ಲದಿದ್ದರೆ, ವರದಕ್ಷಿಣೆ ಎನಿಸುವುದಿಲ್ಲ ಎಂಬುದು ಅದರ ಸಾರ. ಪ್ರತಿಫಲವೋ ಪ್ರೀತಿಯೋ ಎಂಬುದನ್ನು ಸಾಬೀತು ಮಾಡುವುದು ಸುಲಭದ ಮಾತಲ್ಲವಾದ್ದರಿಂದ ಕೈಗಡಿಯಾರ, ಸೈಕಲ್ಲು, ರೇಡಿಯೋಗಳು ‘ಪ್ರೀತಿಯ’ ಹೆಸರಿನಲ್ಲಿ ನಿರಾತಂಕವಾಗಿ ಕೈ ಬದಲಾದವು.

1984ರ ತಿದ್ದುಪಡಿ ಈ ವಿವರಣೆಯನ್ನು ತೆಗೆದುಹಾಕಿತು. 1985ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ವಧುವರರಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಬರೆದಿಡಬೇಕು. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರ ಸಂಬಂಧವೇನು ಎಂಬುದನ್ನು ನಮೂದಿಸಿ ವಧು ಮತ್ತು ವರ ಇಬ್ಬರೂ ಸಹಿ ಮಾಡಬೇಕು. ತಲೆಮಾರುಗಳಿಂದ ಯಾದಿ ಬರೆಯುತ್ತ ಬಂದ ಸೀಮೆಗೆ ಪಟ್ಟಿ ಬರೆಯುವುದೇನೂ ಹೊಸದಾಗಿರಲಿಲ್ಲ. ಹೊಸದೆಂದರೆ ಮದುಮಗಳ ಸಹಿ. ಹಿರಿಯರ ಯಾದಿಯಲ್ಲಿ ಅವಳ ಹೆಸರಿದ್ದರೂ ಕೈ ಬರಹಕ್ಕೆ ಜಾಗವಿರಲಿಲ್ಲ.

ಅವಳ ತವರಿನವರು ಸಾಲ ಮಾಡಿಯೋ, ಎತ್ತು ಮಾರಿಯೋ ಕೊಂಡುಕೊಟ್ಟ ರೇಡಿಯೋ ಅವಳಿಗೆಷ್ಟು ದಕ್ಕಿತು ಎಂಬುದನ್ನೂ ಕೇಳಬೇಕು. ಅದು ಗಂಡನ ಹೆಗಲ ಮೇಲೆ ಹೊಲಕ್ಕೆ, ಅಗಸಿಯ ಕಟ್ಟೆಗೆ, ಚಹಾದ ಅಂಗಡಿಗೆ ಹೋಗುತ್ತಿತ್ತು. ಮನೆಯಲ್ಲಿದ್ದಾಗಲೂ ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವವಳಿಗೆ ಕೇಳುತ್ತಿದ್ದುದು ಬೇರೆಯವರು ಆರಿಸಿದ ಹಾಡು, ಅದೂ ರೊಟ್ಟಿಯ ಸಪ್ಪಳದ ನಡುವೆ. ರೇಡಿಯೋದ ಬೆಲೆ ತೆತ್ತ ಮನೆಯ ಮಗಳಿಗೆ ಅದರ ಗುಂಡಿ ಮುಟ್ಟುವ ಅಧಿಕಾರ ಬರುವುದಕ್ಕೆ ಬಹಳ ವರ್ಷಗಳೇ ಬೇಕಾದವು.

ದುಡಿಯಲು ಹೋದವರು ತಂದದ್ದು

ಮುಂದಿನ ಯಂತ್ರ ಬಂದದ್ದು ಬೇರೆ ದಾರಿಯಿಂದ. ನೆದರ್ಲೆಂಡ್ಸ್‌ನ ಫಿಲಿಪ್ಸ್ ಕಂಪನಿ 1963ರಲ್ಲಿ ಧ್ವನಿಸುರುಳಿಯನ್ನು, ಅಂದರೆ ಕ್ಯಾಸೆಟ್ಟನ್ನು, ಜಗತ್ತಿಗೆ ಪರಿಚಯಿಸಿತು. 80ರ ದಶಕದಲ್ಲಿ ಅದು ಭಾರತದ ಹಳ್ಳಿಗಳನ್ನು ತಲಪಿತು. ಮಳೆಯನ್ನೇ ನಂಬಿದ ವಿಜಯಪುರ ಜಿಲ್ಲೆಯಿಂದ ಮಹಾರಾಷ್ಟ್ರ, ಗೋವಾಗಳಿಗೆ ದುಡಿಯಲು ಹೋಗುವುದು ಹಳೆಯ ರೂಢಿ. ಹಾಗೆ ಹೋದವರು ಹಬ್ಬಕ್ಕೋ ಜಾತ್ರೆಗೋ ಊರಿಗೆ ಮರಳುವಾಗ ತರುವ ವಸ್ತುಗಳಲ್ಲಿ ರೇಡಿಯೋ ಮತ್ತು ಟೇಪು ಎರಡೂ ಕೂಡಿದ ‘ಟೂ-ಇನ್-ಒನ್’ ಸೇರಿತು. ಮಾವನಿಂದ ಅಳಿಯನಿಗೆ ಸಲ್ಲುತ್ತಿದ್ದ ಹಾಡಿನ ಪೆಟ್ಟಿಗೆ ಈಗ ಮಗನಿಂದ ಮನೆಗೆ ಬರತೊಡಗಿತು. ಇದಕ್ಕೆ ಯಾದಿ ಇರಲಿಲ್ಲ.

ಕೇಳುವ ಹಾಡೂ ಬದಲಾಯಿತು. ರೇಡಿಯೋದಲ್ಲಿ ನಿಲಯದವರು ಹಾಕಿದ್ದೇ ಹಾಡು. ಗ್ರಾಮೋಫೋನ್ ತಟ್ಟೆ ಮಾಡಲು ದೊಡ್ಡ ಕಾರ್ಖಾನೆ ಬೇಕು. ಕ್ಯಾಸೆಟ್ ಮಾಡಲು ಅಲ್ಪ ಬಂಡವಾಳ ಸಾಕಾದ್ದರಿಂದ ಸಣ್ಣ ಕಂಪನಿಗಳು ಹುಟ್ಟಿಕೊಂಡವು. ಭಾವಗೀತೆ, ವಚನ, ತತ್ವಪದಗಳ ಜೊತೆಗೆ ಗೀಗೀ ಪದ, ಡೊಳ್ಳಿನ ಪದ, ಮೊಹರಂನ ರಿವಾಯತ ಪದಗಳೂ ಜಾತ್ರೆಯ ಅಂಗಡಿಗಳಲ್ಲಿ ಸಾಲಾಗಿ ಕುಳಿತವು. ಅದಕ್ಕಿಂತ ಹೆಚ್ಚಾಗಿ, ಈ ಯಂತ್ರಕ್ಕೆ ಕೇಳಿಸುವುದರ ಜೊತೆಗೆ ಕೇಳಿಸಿಕೊಳ್ಳುವುದೂ ಗೊತ್ತಿತ್ತು. ಕೆಂಪು ಗುಂಡಿ ಒತ್ತಿದರೆ ಊರ ಭಜನೆಯ ಮೇಳ, ಬೀಸುವ ಕಲ್ಲಿನ ಮುಂದಿನ ಅಜ್ಜಿಯ ಹಾಡು ಸುರುಳಿಯೊಳಗೆ ಸೇರುತ್ತಿದ್ದವು. ಪಡಸಾಲೆಯ ಯಂತ್ರದೊಳಗಿಂದ ಅಡುಗೆಮನೆಯ ದನಿ ಕೇಳಿಬಂದದ್ದು ಆಗಲೇ.

ಇದೇ ಹೊತ್ತಿನಲ್ಲಿ ಜಗತ್ತಿನ ಬೇರೆಡೆ ಸಂಗೀತ ಒಬ್ಬೊಬ್ಬರ ಕಿವಿಗೆ ಸೀಮಿತವಾಗುತ್ತಿತ್ತು. ಜಪಾನಿನ ಸೋನಿ ಕಂಪನಿ 1979ರ ಜುಲೈ 1ರಂದು ‘ವಾಕ್‌ಮನ್’ ಬಿಡುಗಡೆ ಮಾಡಿತು. ಒಬ್ಬನೇ ಕೇಳುತ್ತ ಕೂರುವುದು ಅಸಭ್ಯವೆನಿಸೀತೆಂದು ಅಳುಕಿ, ಮೊದಲ ಮಾದರಿಯಲ್ಲಿ ಇಬ್ಬರು ಒಟ್ಟಿಗೆ ಕೇಳಲು ಎರಡು ರಂಧ್ರಗಳನ್ನು ಇಟ್ಟಿದ್ದರು. ಒಬ್ಬೊಬ್ಬರೇ ಕೇಳುವುದೇ ಜನರಿಗೆ ಹಿಡಿಸಿತು. ಎರಡನೆಯ ರಂಧ್ರ ಮುಂದಿನ ಮಾದರಿಗಳಲ್ಲಿ ಉಳಿಯಲಿಲ್ಲ.

ಮಕ್ಕಳಿಂದ ಹೆತ್ತವರಿಗೆ

2001ರಲ್ಲಿ ಬಂದ ಐಪಾಡ್ ಸಾವಿರ ಹಾಡುಗಳನ್ನು ಕಿಸೆಯಲ್ಲಿಟ್ಟಿತು. 2022ರಲ್ಲಿ ಅದರ ತಯಾರಿಕೆಯೇ ನಿಂತಿತು. ಅದರ ಕೆಲಸವನ್ನೆಲ್ಲ ಮೊಬೈಲ್ ಫೋನು ಕಿತ್ತುಕೊಂಡಿತ್ತು. ಹಳ್ಳಿಗಳಲ್ಲಿ ಮೊಬೈಲ್ ಅಂಗಡಿಗೆ ಹೋಗಿ ಬೆರಳುಗುರಿನಷ್ಟು ಮೆಮೊರಿ ಕಾರ್ಡಿಗೆ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಹಾಡು ತುಂಬಿಸಿಕೊಂಡು ಬರುವ ಕಾಲವೊಂದು ಬಂದು ಹೋಯಿತು. ಹಾಡಿಗೆಂದೇ ಬೇರೆ ಯಂತ್ರ ಇನ್ನೇಕೆ ಎನ್ನುವಾಗ, 2017ರಲ್ಲಿ ‘ಸಾರೆಗಾಮ ಕಾರವಾನ್’ ಬಂತು. ಹಳೆಯ ಟ್ರಾನ್ಸಿಸ್ಟರಿನದೇ ರೂಪ, ತಿರುಗಿಸುವ ಗುಂಡಿ, ಒಳಗೆ ಐದು ಸಾವಿರ ಹಳೆಯ ಹಿಂದಿ ಹಾಡು. ಮುಂದೆ ಬೇರೆ ಭಾಷೆಗಳ ಮಾದರಿಗಳೂ ಬಂದವು. ಇದನ್ನು ತಂದ ಸಾರೆಗಾಮ ಬೇರಾರೂ ಅಲ್ಲ, ಕಲಕತ್ತೆಯಲ್ಲಿ ತಟ್ಟೆ ಒತ್ತುತ್ತಿದ್ದ ಗ್ರಾಮೋಫೋನ್ ಕಂಪನಿಯ ಹೊಸ ಹೆಸರು. ಹೆಚ್ಚಾಗಿ ಅದನ್ನು ಕೊಂಡವರು ತಮಗಾಗಿ ಕೊಳ್ಳಲಿಲ್ಲ, ತಂದೆ ತಾಯಿಗೆ ಕೊಡಲೆಂದು ಕೊಂಡರು.

ಹೀಗೆ ಅರ್ಧ ಶತಮಾನದಲ್ಲಿ ಉಡುಗೊರೆಯ ದಿಕ್ಕು ಪೂರ್ತಿ ತಿರುಗಿತು. ಅಂದು ಹಿರಿಯರು ಕಿರಿಯನಿಗೆ ಕೊಟ್ಟದ್ದನ್ನು ಇಂದು ಕಿರಿಯರು ಹಿರಿಯರಿಗೆ ಕೊಡುತ್ತಿದ್ದಾರೆ. ಅಂದಿನ ಉಡುಗೊರೆಯ ಹಿಂದೆ ಬೀಗರ ಒತ್ತಾಯವಿತ್ತು. ಇಂದಿನದರ ಹಿಂದೆ ಬೆಂಗಳೂರು, ಪುಣೆಗಳಲ್ಲಿ ನೆಲೆಸಿದ ಮಕ್ಕಳ ಒಳಗಿನ ಅಳುಕಿದೆ. ಮನೆ ಖಾಲಿಯಾಗಿದೆ, ಮಾತನಾಡುವವರಿಲ್ಲ, ಹಾಡಾದರೂ ಇರಲಿ ಎಂಬ ಭಾವವದು.

ಆದ್ದರಿಂದ ಅಂಗಡಿಯಲ್ಲಿ ನಿಂತು ಇಂಥದೊಂದು ಪೆಟ್ಟಿಗೆ ಆರಿಸುವವರು ಹಾಡುಗಳ ಸಂಖ್ಯೆಗಿಂತ ಮೊದಲು ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಗುಂಡಿಗಳು ಮಂಜಾದ ಕಣ್ಣಿಗೆ ಕಾಣುವಷ್ಟು, ನಡುಗುವ ಬೆರಳಿಗೆ ಸಿಗುವಷ್ಟು ದೊಡ್ಡವಾಗಿವೆಯೇ? ಇಂಟರ್ನೆಟ್ ಇಲ್ಲದೆಯೂ ಹಾಡುತ್ತದೆಯೇ? ವಿದ್ಯುತ್ತು ಹೋದಾಗ ಎಷ್ಟು ತಾಸು ಬಾಳುತ್ತದೆ? ಕಂಪನಿ ತುಂಬಿದ ಹಾಡುಗಳಲ್ಲದೆ, ಪೆನ್ ಡ್ರೈವಿನಲ್ಲಿ ಊರಿನ ಭಜನೆಯನ್ನೂ ತಾಯಿಯ ತವರಿನ ಹಂತಿಯ ಪದವನ್ನೂ ಹಾಕಿಕೊಡಲು ಬರುತ್ತದೆಯೇ?

ಎಲ್ಲಕ್ಕಿಂತ ಮುಖ್ಯವಾದದ್ದು ಹಳೆಯ ಯಾದಿಯಲ್ಲಿ ಯಾರೂ ಬರೆಸದೆ ಬಿಟ್ಟ ಪ್ರಶ್ನೆ: ಗುಂಡಿ ಯಾರ ಕೈಯಲ್ಲಿರುತ್ತದೆ? ಐವತ್ತು ವರ್ಷದ ಹಿಂದೆ ತವರಿನಿಂದ ಬಂದ ರೇಡಿಯೋವನ್ನು ಬಾಗಿಲ ಮರೆಯಿಂದ ಕೇಳಿದ ಮದುಮಗಳೇ ಇಂದು ಆ ಮನೆಯ ಅಜ್ಜಿ. ಪೆಟ್ಟಿಗೆಯನ್ನು ಅವಳ ಹಾಸಿಗೆಯ ಪಕ್ಕದಲ್ಲಿಟ್ಟು, ಗುಂಡಿ ತಿರುಗಿಸುವುದನ್ನು ಒಮ್ಮೆ ತೋರಿಸಿಕೊಟ್ಟು, ಅವಳು ತನಗೆ ಬೇಕಾದ ಹಾಡಿಗೆ ತಾನೇ ನಿಲ್ಲಿಸುವವರೆಗೆ ಜೊತೆಗೆ ಕುಳಿತರೆ, ಅವಳ ತಂದೆ ಅಂದು ತೆತ್ತ ಹಣ ತಡವಾಗಿಯಾದರೂ ಸಲ್ಲಬೇಕಾದವಳಿಗೆ ಸಂದೀತು.