ಮುಂಡಗೋಡದ ವಿದ್ವಾಂಸರು

ವಿದ್ವಾಂಸನಿಗೆ ಅನ್ನವು ಎಲ್ಲಿಂದ ಬರುತ್ತದೆಂಬ ಪ್ರಶ್ನೆಯನ್ನು ನಮ್ಮ ಇತಿಹಾಸಗ್ರಂಥಗಳು ಸಾಮಾನ್ಯವಾಗಿ ಕೇಳುವುದಿಲ್ಲ. ರಾಜನೊಬ್ಬನ ದತ್ತಿಯನ್ನು ಹೇಳುವ ಶಾಸನವು ದೊರೆತರೆ ಅಷ್ಟಕ್ಕೇ ತೃಪ್ತರಾಗುತ್ತೇವೆ. ದತ್ತಿ ಕೊಟ್ಟ ರಾಜ್ಯವೇ ಕೈತಪ್ಪಿದಾಗ ವಿದ್ವಾಂಸನು ಏನು ಮಾಡುತ್ತಾನೆ? ಇದಕ್ಕೆ ಉತ್ತರವನ್ನು ಬಯಸುವವರು ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಕ್ಕೆ ಹೋಗಬೇಕು.

ಲಾಸಾ ನಗರದ ಸಮೀಪದಲ್ಲಿ 1409ರಲ್ಲಿ ತ್ಸೊಂಗ್‌ಖಾಪಾ ಎಂಬ ಆಚಾರ್ಯನು ಗಾಂದೆನ್ ವಿಹಾರವನ್ನೂ, 1416ರಲ್ಲಿ ಆತನ ಶಿಷ್ಯನು ದ್ರೆಪುಂಗ್ ವಿಹಾರವನ್ನೂ ಸ್ಥಾಪಿಸಿದರು. ಉಂಬಳಿಯ ಭೂಮಿಗಳ ಆದಾಯದಿಂದ ಸಾವಿರಾರು ಭಿಕ್ಷುಗಳು ಅಲ್ಲಿ ಶಾಸ್ತ್ರಾಧ್ಯಯನ ಮಾಡುತ್ತಿದ್ದರು. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದ ಮೇಲೆ, ಹಿಮಾಲಯವನ್ನು ದಾಟಿ ಬಂದ ಭಿಕ್ಷುಗಳಲ್ಲಿ ಸುಮಾರು 1,500 ಮಂದಿ ಬಂಗಾಳದ ಬಕ್ಸಾ ದುವಾರಿನಲ್ಲಿ ಆಶ್ರಯ ಪಡೆದರು. ಆಂಗ್ಲರು ಸ್ವಾತಂತ್ರ್ಯಯೋಧರನ್ನು ಕೂಡಿಹಾಕಿದ್ದ ಬಂದೀಶಿಬಿರವದು. ಶೀತದೇಶದಿಂದ ಬಂದವರಿಗೆ ಅಲ್ಲಿಯ ಸೆಕೆ, ಅದರ ಮೇಲೆ ಕ್ಷಯರೋಗ; ಅನೇಕರು ಅಲ್ಲಿಯೇ ತೀರಿಕೊಂಡರು. ಆದರೂ ಪಾಠವು ನಿಲ್ಲಲಿಲ್ಲ. ಗ್ರಂಥಗಳು ವಿರಳವಾಗಿದ್ದುದರಿಂದ ಗುರುಗಳಿಗೆ ಕಂಠಸ್ಥವಾಗಿದ್ದುದೇ ಗ್ರಂಥಭಂಡಾರವಾಯಿತು.

1966ರಲ್ಲಿ ಅಂದಿನ ಮೈಸೂರು ರಾಜ್ಯದ ಸರಕಾರವು ಮುಂಡಗೋಡದ ಕಾಡಿನಲ್ಲಿ ಟಿಬೇಟಿನ ನಿರಾಶ್ರಿತರಿಗೆ ಭೂಮಿಯನ್ನೊದಗಿಸಿತು. 1969ರ ಸುಮಾರಿಗೆ ಗಾಂದೆನ್, ದ್ರೆಪುಂಗ್ ವಿಹಾರಗಳ ಭಿಕ್ಷುಗಳೂ ಅಲ್ಲಿಗೆ ಬಂದರು. ಸೆರಾ ವಿಹಾರದವರು ಬೈಲುಕುಪ್ಪೆಗೆ ಹೋದರು. ಶಾಸ್ತ್ರಪಾರಂಗತರು ಕೈಯಲ್ಲಿ ಗುದ್ದಲಿ ಹಿಡಿದು ಪೊದೆಗಳನ್ನು ಕಡಿದರು, ಮೆಕ್ಕೆಜೋಳ ಬಿತ್ತಿದರು. ಹಗಲು ಬೇಸಾಯ, ಉಳಿದ ಹೊತ್ತು ವ್ಯಾಸಂಗ.

ಅವರ ಪಾಠಕ್ರಮಕ್ಕೆ ಐದು ಮೂಲಗ್ರಂಥಗಳುಂಟು. ಐದೂ ನಮ್ಮ ದೇಶದವೇ: ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಮೈತ್ರೇಯನದೆಂದು ಹೇಳುವ ಅಭಿಸಮಯಾಲಂಕಾರ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ. ಇವನ್ನು ಮುಗಿಸಿ ‘ಗೆಶೆ’ ಪದವಿಯನ್ನು ಪಡೆಯಲು ಹದಿನೈದು ಇಪ್ಪತ್ತು ವರ್ಷಗಳು ಬೇಕು. ‘ಲ್ಹಾರಂಪಾ’ ಎಂಬ ಅತ್ಯುಚ್ಚ ಶ್ರೇಣಿಗೆ ಮತ್ತೆ ಆರು ವರ್ಷಗಳ ಪರೀಕ್ಷೆಗಳು. ಮೂರು ವರ್ಷಗಳಲ್ಲಿ ಪದವೀಧರರನ್ನು ಸಿದ್ಧಪಡಿಸುವ ನಮ್ಮಂತಹ ಅಧ್ಯಾಪಕರು ಈ ಲೆಕ್ಕವನ್ನು ಮೆಲ್ಲನೆ ಓದುವುದೊಳ್ಳೆಯದು.

ವಿಹಾರದ ಅಂಗಳದಲ್ಲಿ ನಡೆಯುವ ವಾದವೇ ಈ ವಿದ್ಯೆಯ ಪ್ರಾಣ. ಉತ್ತರ ಹೇಳುವವನು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನಿಸುವವನು ಎದ್ದು ನಿಂತು, ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಅಂಗೈಗೆ ಅಂಗೈ ಬಡಿದು ಪ್ರಶ್ನೆಯನ್ನೆಸೆಯುತ್ತಾನೆ. ಕುಳಿತವನು ‘ಹೇತುವು ಸಿದ್ಧವಲ್ಲ’ ಎನ್ನಬಹುದು, ‘ವ್ಯಾಪ್ತಿಯಿಲ್ಲ’ ಎನ್ನಬಹುದು, ಇಲ್ಲವೇ ಒಪ್ಪಬಹುದು. ಹೀಗೆ ಎಣಿಕೆಯ ಕೆಲವೇ ಉತ್ತರಗಳಿಗೆ ಅವಕಾಶ. ಮಾತು ಟಿಬೇಟಿನದಾದರೂ ಪರಿಭಾಷೆ ನಮಗೆ ಹೊಸದಲ್ಲ. ಶೃಂಗೇರಿಯಲ್ಲಿ ವರ್ಷವರ್ಷವೂ ನಡೆಯುವ ಮಹಾಗಣಪತಿ ವಾಕ್ಯಾರ್ಥ ಸಭೆಯನ್ನು ಕೇಳಿದವರು ಅದನ್ನು ಕೂಡಲೇ ಗುರುತಿಸಿಯಾರು. ಅಲ್ಲಿ ಗಾಂಭೀರ್ಯ ಹೆಚ್ಚು, ಇಲ್ಲಿ ಗದ್ದಲ ಹೆಚ್ಚು.

ಇಷ್ಟು ಶ್ರಮಕ್ಕೆ ಪ್ರತಿಫಲವೇನು? ಗೆಶೆ ಆದವನಿಗೆ ಸಂಬಳದ ಹುದ್ದೆಯೇನೂ ಕಾದಿರುವುದಿಲ್ಲ. ಅಜ್ಞಾನವನ್ನು ಕಳೆದು ಇತರರಿಗೆ ಉಪಕರಿಸುವುದೇ ಉದ್ದೇಶವೆಂದು ಅವರ ಶಾಸ್ತ್ರವು ಹೇಳುತ್ತದೆ. ಅದು ನಿಜವಿರಬೇಕು. ಆದರೆ ಸಹಪಾಠಿಗಳೆದುರು ಜಯಿಸುವ ಆಸೆ, ಗುರುವಿನ ಮೆಚ್ಚುಗೆ, ಕಗ್ಗಂಟೊಂದು ಬಿಚ್ಚಿಕೊಂಡಾಗಿನ ಆನಂದ ಇವೂ ಇಲ್ಲದಿದ್ದರೆ ಇಪ್ಪತ್ತು ವರ್ಷ ಯಾರೂ ಆ ಅಂಗಳದಲ್ಲಿ ನಿಲ್ಲಲಾರರೆಂದು ನನ್ನ ಮತ.

ಮುಂಡಗೋಡದಿಂದ ಬನವಾಸಿ ದೂರವೇನಲ್ಲ. ಮೂರನೆಯ ಬೌದ್ಧಸಂಗೀತಿಯಾದ ಮೇಲೆ ರಕ್ಖಿತನೆಂಬ ಸ್ಥವಿರನನ್ನು ವನವಾಸ ದೇಶಕ್ಕೆ ಕಳುಹಿಸಿದರೆಂದು ಸಿಂಹಳದ ಮಹಾವಂಸವು ಹೇಳುತ್ತದೆ. ಧರ್ಮಕೀರ್ತಿಯು ದಕ್ಷಿಣದೇಶದವನೆಂಬುದು ಟಿಬೇಟಿನ ಸಂಪ್ರದಾಯ. ಆತನ ಪ್ರಮಾಣವಾರ್ತಿಕದ ಸಂಸ್ಕೃತ ಮೂಲವನ್ನು ರಾಹುಲ ಸಾಂಕೃತ್ಯಾಯನರು 1930ರ ದಶಕದಲ್ಲಿ ಟಿಬೇಟಿನಿಂದಲೇ ಹುಡುಕಿ ತರಬೇಕಾಯಿತು. ನಾವು ಕಳೆದುಕೊಂಡುದನ್ನು ಅವರು ಓದುತ್ತಲೇ ಇದ್ದರು.

2008ರ ತರುವಾಯ ಟಿಬೇಟಿನಿಂದ ಬರುವ ಹೊಸ ವಿದ್ಯಾರ್ಥಿಗಳು ಬಹಳ ಕಡಮೆಯಾಗಿದ್ದಾರೆ. ವಸತಿಯ ಯುವಕರಲ್ಲಿ ಅನೇಕರು ಪರದೇಶಗಳಿಗೆ ಹೊರಡುತ್ತಾರೆ. ತೆರವಾದ ಸ್ಥಳಗಳಿಗೆ ಲಡಾಖ್, ಸ್ಪಿತಿ, ಅರುಣಾಚಲ, ನೇಪಾಳಗಳ ಹುಡುಗರು ಬಂದು ಸೇರುತ್ತಿದ್ದಾರೆ. 2016ರ ಡಿಸೆಂಬರಿನಲ್ಲಿ, ದ್ರೆಪುಂಗ್ ವಿಹಾರದ ಆರುನೂರನೆಯ ವರ್ಷದ ಉತ್ಸವದ ಸಂದರ್ಭದಲ್ಲಿ, ಇಪ್ಪತ್ತು ಮಂದಿ ಭಿಕ್ಷುಣಿಯರು ಮೊದಲ ಬಾರಿಗೆ ‘ಗೆಶೆಮಾ’ ಪದವಿಯನ್ನು ದಲೈ ಲಾಮಾ ಅವರಿಂದ ಮುಂಡಗೋಡದಲ್ಲಿಯೇ ಪಡೆದರು.