ಗೋಡೆಯ ಮೇಲಿನ ವೇಗ: ಯಾವುದು ನಕಲು, ಯಾವುದು ಖೋಟಾ?

ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಆಡೂರಿನ ಸುತ್ತಮುತ್ತ, ಹಾನಗಲ್ ಸೀಮೆಯ ತುಂಬ, ಹೋರಿ ಬೆದರಿಸುವ ಹಬ್ಬದ ಫ್ಲೆಕ್ಸ್‌ಗಳು ಏಳುತ್ತವೆ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು, ನೆಲ ಬಿಟ್ಟು ನೆಗೆದ ಹೋರಿ. ಅದರ ಸುತ್ತ ಅಭಿಮಾನಿ ಬಳಗದ ಹುಡುಗರ ಪಾಸ್‌ಪೋರ್ಟ್ ಅಳತೆಯ ಮುಖಗಳು. ಹಬ್ಬ ಮುಗಿದ ವಾರಕ್ಕೆ ಅದೇ ಫ್ಲೆಕ್ಸ್ ಬಣವೆಯ ಮೇಲೆ ಹೊದಿಕೆಯಾಗಿರುತ್ತದೆ, ಇಲ್ಲವೇ ಆಡಿನ ಕೊಟ್ಟಿಗೆಗೆ ಮರೆಯಾಗಿರುತ್ತದೆ. ಅದನ್ನು ಯಾರೂ ಕಲೆ ಎಂದು ಎತ್ತಿಡುವುದಿಲ್ಲ. ಎತ್ತಿಡಬೇಕು ಎಂದು ಹೇಳಿದರೆ ನಗುತ್ತಾರೆ.

1930ರಲ್ಲಿ ಮೊನಾಕೊದ ಗೋಡೆಗಳಿಗೆ ಅಂಟಿಸಿದ್ದ ಕಾರು ರೇಸಿನ ಪೋಸ್ಟರಿನ ಪಾಡೂ ಹೀಗೇ ಇತ್ತು. ಅಂಟಿಸಿದರು, ಜನ ನೋಡಿದರು, ರೇಸು ಮುಗಿಯಿತು, ಮಳೆಗೆ ನೆಂದಿತು, ಅದರ ಮೇಲೆ ಇನ್ನೊಂದನ್ನು ಅಂಟಿಸಿದರು. ಇವತ್ತು ಅದೇ ಪೋಸ್ಟರಿನ ಉಳಿದ ಪ್ರತಿಗಳು ಹರಾಜಿನಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತವೆ. ಯಾರೂ ಎತ್ತಿಡದ್ದರಿಂದಲೇ ಅದಕ್ಕೆ ಬೆಲೆ ಬಂದದ್ದು. ಬೆಲೆ ಬಂದ ಕೂಡಲೇ ಅದರ ಹಿಂದೆ ಇನ್ನೊಂದು ಪ್ರಶ್ನೆಯೂ ಬಂತು: ಇದು ಅಸಲಿಯೋ, ಅಲ್ಲವೋ?

ತಾಮ್ರಶಾಸನಗಳ ನಡುವೆ ದಿನ ಕಳೆಯುವ ನನ್ನಂಥ ಇತಿಹಾಸದ ವಿದ್ಯಾರ್ಥಿಗೆ ಕಾರಿನ ಚಿತ್ರದಲ್ಲೇನು ಕೆಲಸ ಎಂದು ನೀವು ಕೇಳಬಹುದು. ಕೆಲಸ ಇದೆ. ಅಸಲಿ-ನಕಲಿಯ ಜಗಳದಲ್ಲಿ ಕನ್ನಡನಾಡಿನ ಶಾಸನತಜ್ಞರಿಗಿಂತ ಪಳಗಿದವರು ಕಡಿಮೆ. ಅವರು ಬಳಸಿದ ಪರೀಕ್ಷೆಗಳನ್ನೇ ಇವತ್ತು ಪೋಸ್ಟರ್ ಸಂಗ್ರಾಹಕರು ಬೇರೆ ಹೆಸರಿನಲ್ಲಿ ಬಳಸುತ್ತಿದ್ದಾರೆ.

ಮೊದಲು ಪೋಸ್ಟರಿನ ಕತೆ. ಮೊನಾಕೊದ ಮೊದಲ ಗ್ರ್ಯಾಂಡ್ ಪ್ರಿ ರೇಸು ನಡೆದದ್ದು 1929ರ ಏಪ್ರಿಲ್ 14ರಂದು. ಅದರ ಹಿಂದಿದ್ದವನು ಆಂತೊನಿ ನೊಗೆಸ್. ಗೆದ್ದವನು ಬುಗಾಟಿ ಓಡಿಸಿದ ವಿಲಿಯಂ ಗ್ರೋವರ್-ವಿಲಿಯಮ್ಸ್. ಮುಂದಿನ ವರ್ಷದಿಂದ ರೊಬೇರ್ ಫಾಲ್ಕುಚಿ ಎಂಬ ಕಲಾವಿದ ಪೋಸ್ಟರು ಬರೆದ. ಅವನ ನಂತರ ಜಿಯೋ ಹ್ಯಾಮ್ ಬಂದ. ಅವನ ನಿಜವಾದ ಹೆಸರು ಜಾರ್ಜ್ ಹಾಮೆಲ್. ಹುಟ್ಟಿದ್ದು 1900ರಲ್ಲಿ, ಫ್ರಾನ್ಸಿನ ಲಾವಾಲ್ ಊರಿನಲ್ಲಿ. ಊರು, ಕಡಲು, ಬೆಟ್ಟ ಎಲ್ಲವನ್ನೂ ಹಿನ್ನೆಲೆಗೆ ತಳ್ಳಿ, ಚೌಕಟ್ಟಿನಿಂದ ಹೊರಗೆ ನುಗ್ಗಿ ಬರುವಂತೆ ಕಾರು ನಿಲ್ಲಿಸುವುದು ಇಬ್ಬರಿಗೂ ಗೊತ್ತಿತ್ತು. ನಿಂತ ಕಾಗದದ ಮೇಲೆ ಓಟ ತೋರಿಸುವುದು ಸುಲಭದ ಕೆಲಸವಲ್ಲ. ಆ ದಿನಗಳ ಕ್ಯಾಮೆರಾದ ಷಟರು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯುವಷ್ಟರಲ್ಲಿ ಕಾರು ಮುಂದೆ ಹೋಗಿರುತ್ತಿತ್ತು. ಹಾಗಾಗಿ ಫೋಟೋದಲ್ಲಿ ಗಾಲಿ ಮೊಟ್ಟೆಯಾಕಾರಕ್ಕೆ ವಾಲಿ ಕಾಣುತ್ತಿತ್ತು. ಫ್ರೆಂಚ್ ಛಾಯಾಗ್ರಾಹಕ ಲಾರ್ತಿಗ್ ತೆಗೆದ ಅಂಥದೊಂದು ಚಿತ್ರ ಜಗತ್‌ಪ್ರಸಿದ್ಧ. ಯಂತ್ರದ ದೋಷವಾಗಿ ಹುಟ್ಟಿದ ಆ ವಾಲುವಿಕೆ ನಮ್ಮ ಕಣ್ಣಿಗೆ ವೇಗದ ಗುರುತಾಗಿಬಿಟ್ಟಿದೆ.

ಈ ಪೋಸ್ಟರುಗಳು ಕಲ್ಲಚ್ಚಿನವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬವೇರಿಯಾದ ಸೆನೆಫೆಲ್ಡರ್ ಕಂಡುಹಿಡಿದ ವಿಧಾನ ಅದು. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಲ್ಲಿ ಬರೆಯುವುದು, ಕಲ್ಲಿಗೆ ನೀರು ಸವರುವುದು. ಜಿಡ್ಡು ಇದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಇದು ನಮಗೆ ಅಪರಿಚಿತವೇನಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ, ಆಮೇಲೆ ಲೋಣಾವಳ ಬಳಿಯ ಮಳವಳಿಗೆ ಹೋದ ಅಚ್ಚುಕೂಟದಲ್ಲಿ ತಯಾರಾದ ಲಕ್ಷ್ಮಿ-ಸರಸ್ವತಿಯರೂ ಕಲ್ಲಚ್ಚಿನವರೇ. ಅಜ್ಜಿಯ ದೇವರಮನೆಯ ಮಾಸಿದ ಪಟವನ್ನು ಭೂತಗನ್ನಡಿಯಲ್ಲಿ ನೋಡಿದವರಿಗೆ, ಮೊನಾಕೊ ಪೋಸ್ಟರಿನ ಪರೀಕ್ಷೆಯ ಮೊದಲ ಪಾಠ ಆಗಲೇ ಆಗಿರುತ್ತದೆ. ಕಲ್ಲಚ್ಚಿನ ಬಣ್ಣ ಒಂದೋ ಬಳಿದಂತೆ ಸಪಾಟಾಗಿರುತ್ತದೆ, ಇಲ್ಲವೇ ಮರಳು ಚೆಲ್ಲಿದಂತೆ ಅಂಕೆ ತಪ್ಪಿದ ಕಾಳುಕಾಳಾಗಿರುತ್ತದೆ. ಪೋಸ್ಟರಿನ ಫೋಟೋ ತೆಗೆದು ಆಫ್‌ಸೆಟ್ಟಿನಲ್ಲಿ ಮತ್ತೆ ಅಚ್ಚು ಹಾಕಿದರೆ ನಾಲ್ಕು ಬಣ್ಣದ ಚುಕ್ಕಿಗಳು ರಂಗೋಲಿಯ ಹಾಗೆ ಸಾಲು ಹಿಡಿದು ಕೂತಿರುತ್ತವೆ. ಇಂಕ್‌ಜೆಟ್ಟಿನದಾದರೆ ಸಾಲೂ ಇಲ್ಲ, ಬರೀ ತುಂತುರು.

ಎರಡನೆಯ ಪರೀಕ್ಷೆ ಕಾಗದದ್ದು. ಕಾಗದವನ್ನು ಬೆಳ್ಳಗೆ ತೋರಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು ಸುಮಾರು 1950ರಿಂದ ಈಚೆಗೆ. ಬಟ್ಟೆ ಒಗೆಯುವ ಪುಡಿಯಲ್ಲೂ ಅವೇ ಇರುತ್ತವೆ. ಆರ್ಕೆಸ್ಟ್ರಾ ವೇದಿಕೆಯ ನೇರಳೆ ದೀಪದಡಿ ಗಾಯಕನ ಬಿಳಿ ಅಂಗಿ ಹೊಳೆಯುತ್ತದಲ್ಲ, 1934ರದ್ದು ಎಂದು ಮಾರುವ ಕಾಗದ ಅದೇ ಬೆಳಕಿನಲ್ಲಿ ಹಾಗೆ ಹೊಳೆದರೆ ಅದು 1934ರದ್ದಲ್ಲ. ಮೂರನೆಯದು ಅಂಚು. ಅಚ್ಚಾದ ಪ್ರತಿಯೊಂದರ ಮೇಲೂ ಮುದ್ರಕನ ಹೆಸರು-ವಿಳಾಸ ಇರಬೇಕೆಂದು ಫ್ರಾನ್ಸಿನ 1881ರ ಮುದ್ರಣ ಕಾಯಿದೆ ಹೇಳಿತ್ತು. (ಅದೇ ಕಾಯಿದೆ ಬಿಳಿ ಕಾಗದದ ಭಿತ್ತಿಪತ್ರವನ್ನು ಸರ್ಕಾರಿ ಆದೇಶಗಳಿಗಷ್ಟೇ ಮೀಸಲಿಟ್ಟಿತ್ತು. ಬಣ್ಣವೆಲ್ಲ ಮಂದಿಗೆ, ಬಿಳಿ ಮಾತ್ರ ದೊರೆಗೆ!) ಹಾಗಾಗಿ ಹಳೆಯ ಫ್ರೆಂಚ್ ಪೋಸ್ಟರಿನ ಅಂಚಿನಲ್ಲಿ ಸಣ್ಣಕ್ಷರದ ಸಾಲೊಂದಿರುತ್ತದೆ. ನಂತರದ ಮರುಮುದ್ರಣಗಳಲ್ಲೂ ಅಂಚಿನಲ್ಲೇ, ಇದು ಮರುಮುದ್ರಣ ಎಂಬ ಸಾಲಿರುತ್ತದೆ. ಮೋಸಗಾರನ ಕತ್ತರಿ ಮೊದಲು ಹೋಗುವುದು ಅಲ್ಲಿಗೇ.

ಶಾಸನ ಓದುವವರಿಗೆ ಇದೆಲ್ಲ ತೀರ ಪರಿಚಿತ. ನಮ್ಮಲ್ಲಿ ಇದಕ್ಕೆ ಹಳೆಯ ಮಾತೇ ಇದೆ: ಕೂಟಶಾಸನ. ದತ್ತಿಯಾಗಿ ಸಿಗದ ಭೂಮಿಗೆ ಸಿಕ್ಕಿತೆಂದು ಪತ್ರ ಹುಟ್ಟಿಸುವುದು, ಇಲ್ಲವೇ ಕಳೆದುಹೋದ ಪತ್ರಕ್ಕೆ ಬದಲಿ ಬರೆಸಿ ಹಳೆಯ ತಾರೀಖು ಹಾಕುವುದು. ಜೆ. ಎಫ್. ಫ್ಲೀಟ್ 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇಂಥ ಖೋಟಾ ದಾಖಲೆಗಳನ್ನು ಕುರಿತು ಬರೆದರು. ತಲಕಾಡಿನ ಗಂಗರ ಹೆಸರಿನಲ್ಲಿರುವ ಹಲವು ತಾಮ್ರಪಟಗಳು ನಂಬಲರ್ಹವಲ್ಲ ಎಂಬುದು ಅವರ ವಾದ, ಮೈಸೂರಿನ ಬಿ. ಎಲ್. ರೈಸ್ ಅವುಗಳ ಬೆನ್ನಿಗೆ ನಿಂತರು. ಈ ಜಗಳದಲ್ಲಿ ಕೊಡಗಿನ ಮಡಿಕೇರಿ ತಾಮ್ರಪಟದ್ದು ದೊಡ್ಡ ಅಧ್ಯಾಯ. ಗಂಗ ದೊರೆ ಅವಿನೀತನ ಹೆಸರು, 388 ಎಂಬ ವರ್ಷ ಅದರಲ್ಲಿದೆ. ಅದನ್ನು ಶಕವರ್ಷ ಎಂದುಕೊಂಡರೆ ಕ್ರಿ.ಶ. 466. ಆದರೆ ಲಿಪಿ ನೋಡಿದವರಿಗೆ ಅದು ಶತಮಾನಗಳ ಆಮೇಲಿನ ಕೈಬರಹವಾಗಿ ಕಂಡಿತು. ತಾರೀಖು ಒಂದು ಕಾಲ ಹೇಳುತ್ತದೆ, ಅಕ್ಷರ ಇನ್ನೊಂದು ಕಾಲ. ಬಾಯಲ್ಲಿ 1934 ಎನ್ನುತ್ತ ನೇರಳೆ ಬೆಳಕಿನಲ್ಲಿ ಹೊಳೆಯುವ ಕಾಗದದ ಹಾಗೆ.

ಆದರೆ ಶಾಸನತಜ್ಞರ ಜಾಣತನ ಇರುವುದು ‘ಖೋಟಾ’ ಎಂದು ಬರೆದು ಕೈತೊಳೆದುಕೊಳ್ಳುವುದರಲ್ಲಿ ಅಲ್ಲ. ಮಡಿಕೇರಿಯ ಪಟ ಹಳೆಯ, ನಿಜವಾದ ದಾನಪತ್ರವೊಂದರ ನಂತರದ ಪ್ರತಿ ಇರಬಹುದೇ ಎಂದು ಅವರು ಕೇಳಿದರು. ಪ್ರತಿಯಾದರೆ ಒಳಗಿನ ಹೆಸರುಗಳಲ್ಲಿ ಎಷ್ಟು ಹಳೆಯವು, ಎಷ್ಟು ಆಮೇಲೆ ಸೇರಿದವು? ಜೈನ ಗುರುಪರಂಪರೆಯ ಕಾಲನಿರ್ಣಯಕ್ಕೆ ಆ ಪಟದ ಕೊಂಡಕುಂದಾನ್ವಯದ ಮಾತು ಬೇಕಾಗಿದ್ದರಿಂದ ಚರ್ಚೆ ಇನ್ನೂ ತಣ್ಣಗಾಗಿಲ್ಲ. ನಕಲು ಮಾಡಿದವನೆಲ್ಲ ಸುಳ್ಳುಗಾರನಲ್ಲ. ಗೆದ್ದಲು ತಿಂದ ಓಲೆಯನ್ನು ಇನ್ನೊಂದು ಓಲೆಗೆ ಇಳಿಸಿದ ಲಿಪಿಕಾರರಿಲ್ಲದಿದ್ದರೆ ಪಂಪನೂ ಇಲ್ಲ, ರನ್ನನೂ ಇಲ್ಲ.

ಪೋಸ್ಟರಿನ ಮಾರುಕಟ್ಟೆಯಲ್ಲಿ ಈ ಸೂಕ್ಷ್ಮ ಕಾಣೆಯಾಗಿದೆ. ಹಾಸ್ಟೆಲಿನ ಗೆಳೆಯನೊಬ್ಬ, ಬೈಕು-ಕಾರು ಎಂದರೆ ಊಟ ಬಿಡುವವನು, ಹಳೆಯ ಮೊನಾಕೊ ಪೋಸ್ಟರೊಂದನ್ನು ಚೌಕಟ್ಟಿನ ಸಮೇತ ನಾಲ್ಕು ಸಾವಿರ ಕೊಟ್ಟು ತರಿಸಿದ. ಮಾರಿದವರ ಮಾತು ‘ಒರಿಜಿನಲ್ ವಿಂಟೇಜ್’. ಭೂತಗನ್ನಡಿ ಹಿಡಿದರೆ ಚುಕ್ಕಿರಂಗೋಲಿ. ಹೇಳಿದೆ. ‘ಇರ್ಲಿ ಬಿಡು, ಚಂದ ಐತಿಲ್ಲ? ನೋಡಾಕ ತಂದೀನಿ, ಮಾರಾಕಲ್ಲ’ ಅಂದ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಸಂಗ್ರಾಹಕರು ಒಪ್ಪುವುದಿಲ್ಲ. ಫಾಲ್ಕುಚಿಯ ಗೆರೆ ಚಂದ. ಆ ಚಂದ ನಕಲಿನಲ್ಲೂ ಅಷ್ಟಿಷ್ಟು ಉಳಿದಿದೆ. ಆದರೆ ಅವನಿಂದ ನಾಲ್ಕು ಸಾವಿರ ಹೊರಡಿಸಿದ್ದು ಆ ಗೆರೆಯಲ್ಲ. ಇದೇ ಹಾಳೆ ಆ ಊರಿನಲ್ಲಿ, ಆ ವರ್ಷ ಇತ್ತು ಎಂಬ ಒಂದು ವಾಕ್ಯ. ಸುಳ್ಳು ಇರುವುದು ಚಿತ್ರದಲ್ಲಲ್ಲ, ಆ ವಾಕ್ಯದಲ್ಲಿ.

ಈಗ ಇನ್ನೂ ವಿಚಿತ್ರವಾದೊಂದು ಜಾತಿ ಹುಟ್ಟಿದೆ. ಯಾವ ಹಳೆಯ ಪೋಸ್ಟರಿನ ನಕಲೂ ಅಲ್ಲ; ಕಂಪ್ಯೂಟರಿನಲ್ಲಿ ಹೊಸದಾಗಿ ಬರೆದು, ಹಳದಿ ಕಲೆ ಬಳಿದು, ಮಡಿಕೆಯ ಗೆರೆ ಎಳೆದು, ಹಳೆಯ ರೇಸಿನ ವರ್ಷ ಹಾಕಿದ ಚಿತ್ರಗಳು. ಕೂಟಶಾಸನಕ್ಕೆ ಪೂರ್ತಿ ಒಪ್ಪುವ ಹೋಲಿಕೆ ಇದು: ಕೊಡದ ದಾನಕ್ಕೆ ಬರೆದ ಪತ್ರ.

ಸಹಿಯ ಕತೆ ಬೇರೆಯೇ. ‘ಐನೂರೇ ಪ್ರತಿ, ಕಲಾವಿದನ ಸಹಿಯೊಂದಿಗೆ’ ಎನ್ನುವ ಮುದ್ರಿತ ಚಿತ್ರಗಳಿಗೆ ರೇಸ್ ಲೋಕದಲ್ಲಿ ದೊಡ್ಡ ಗಿರಾಕಿಗಳಿದ್ದಾರೆ. ಚಾಲಕನ ಸಹಿಯೂ ಇದ್ದರೆ ಕೇಳುವುದೇ ಬೇಡ. 1994ರಲ್ಲಿ ಇಮೋಲಾದಲ್ಲಿ ತೀರಿಕೊಂಡ ಸೆನ್ನಾ ಇನ್ನು ಸಹಿ ಹಾಕಲಾರ, ಆದ್ದರಿಂದ ಅವನ ಸಹಿಗೆ ಬೆಲೆ, ಆದ್ದರಿಂದಲೇ ಅನುಮಾನ. ಸಹಿ ಅಸಲಿಯಾದ ಮಾತ್ರಕ್ಕೆ ಚಿತ್ರ ಅಸಲಿಯಾಗುವುದಿಲ್ಲ ಎಂಬುದನ್ನು ತೋರಿಸಿಕೊಟ್ಟವನು ಸಾಲ್ವಡಾರ್ ಡಾಲಿ. 1974ರಲ್ಲಿ ಫ್ರಾನ್ಸಿನ ಸುಂಕದವರು ತಡೆದ ಲಾರಿಯೊಂದರಲ್ಲಿ ಅವನು ಸಹಿ ಹಾಕಿದ ಸುಮಾರು 40,000 ಖಾಲಿ ಹಾಳೆಗಳಿದ್ದವು.

ಅಸಲಿ ಎಂಬ ಮಾತಿಗೆ ಅರ್ಥವೇನೆಂದು ರೇಸ್ ಲೋಕ ಒಮ್ಮೆ ಕೋರ್ಟಿಗೇ ಹೋಗಿ ಕೇಳಿದೆ. ಪೋಸ್ಟರಿಗಾಗಿ ಅಲ್ಲ, ಕಾರಿಗಾಗಿ. 1929 ಮತ್ತು 1930ರಲ್ಲಿ ಲ ಮಾನ್ 24 ಗಂಟೆಗಳ ರೇಸು ಗೆದ್ದ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರಿಗೆ ‘ಓಲ್ಡ್ ನಂಬರ್ ವನ್’ ಎಂದು ಹೆಸರು. ಅದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದ ಕಂಪನಿ, ಇದು ಆ ಕಾರೇ ಅಲ್ಲ ಎಂದು ಹಿಂದೆ ಸರಿಯಿತು. ಆಕ್ಷೇಪಕ್ಕೆ ಕಾರಣವಿತ್ತು: ರೇಸಿನಿಂದ ರೇಸಿಗೆ ಬಿಡಿಭಾಗಗಳು ಬದಲಾಗಿದ್ದವು; 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಚಾಲಕ ಸತ್ತ ಅಪಘಾತದ ಮೇಲೆ ಕಾರನ್ನು ಮತ್ತೆ ಕಟ್ಟಲಾಗಿತ್ತು. ಗೆದ್ದ ದಿನದ ಲೋಹ ಅದರಲ್ಲಿ ಉಳಿದದ್ದು ಅಲ್ಪಸ್ವಲ್ಪ. 1990ರಲ್ಲಿ ಲಂಡನ್ನಿನ ಹೈಕೋರ್ಟಿನ ನ್ಯಾಯಮೂರ್ತಿ ಆಟನ್ ತೀರ್ಪು ಕೊಟ್ಟರು: ಇದನ್ನು ‘ಮೂಲ’ ಕಾರು ಎನ್ನಲಾಗದು, ಆದರೆ ‘ಅಧಿಕೃತ’ ಓಲ್ಡ್ ನಂಬರ್ ವನ್ ಎನ್ನಬಹುದು. ಯಾಕೆಂದರೆ ಅದರ ಬಾಳು ನಡುವೆ ಎಲ್ಲೂ ಕಡಿದುಹೋಗಿಲ್ಲ. ಅದರ ಜಾಗ ಹಿಡಿಯಲು ಬೇರೆ ಕಾರೂ ಇಲ್ಲ.

ನನಗೆ ಈ ತೀರ್ಪು ತುಂಬ ಇಷ್ಟ. ನಮ್ಮ ತೇರುಗಳನ್ನೇ ನೋಡಿ. ಈ ವರ್ಷ ಗಾಲಿ ಬದಲಾಯಿತು, ಆ ವರ್ಷ ಅಚ್ಚು, ಇನ್ನೊಂದು ವರ್ಷ ಗೊಂಬೆ; ತೇರು ಅದೇ. ಆದರೆ ಕಾಗದಕ್ಕೆ ಈ ನ್ಯಾಯ ಎಷ್ಟರ ಮಟ್ಟಿಗೆ ಸಲ್ಲುತ್ತದೆ ಎಂಬಲ್ಲಿ ನನಗೆ ತಕರಾರಿದೆ. ಹರಿದ ಪೋಸ್ಟರನ್ನು ಬಟ್ಟೆಗೆ ಅಂಟಿಸಿ ಉಳಿಸುತ್ತಾರೆ; ಅದು ಆರೈಕೆ. ಮಡಿಕೆಯಲ್ಲಿ ಉದುರಿದ ಬಣ್ಣ ತುಂಬುತ್ತಾರೆ; ಅದಕ್ಕೂ ಹೂಂ ಅನ್ನೋಣ. ಹೋದ ಮೂಲೆಯನ್ನು ಪೂರ್ತಿ ಹೊಸದಾಗಿ ಬರೆದರೆ? ರವಿವರ್ಮನ ಪಟಗಳಿಗೆ ನಮ್ಮ ಹೆಣ್ಣುಮಕ್ಕಳು ಜರಿ, ಚಮ್ಕಿ, ಬಟ್ಟೆ ಅಂಟಿಸಿ ಸರಸ್ವತಿಗೆ ಸೀರೆ ಉಡಿಸಿದ್ದುಂಟು. ಬರೀ ಅಚ್ಚನ್ನು ಹುಡುಕುವವನಿಗೆ ಅದು ಹಾಳಾದ ಪ್ರತಿ. ನನ್ನ ಕಣ್ಣಿಗೆ ಅದು ಎರಡು ಕೈ ಸೇರಿ ಮಾಡಿದ, ಇನ್ನೊಂದಿಲ್ಲದ ಅಸಲಿ. ಅಲ್ಲಿ ಕೈ ಹಾಕಿದವಳು ಬಚ್ಚಿಟ್ಟುಕೊಂಡಿಲ್ಲ, ಚಮ್ಕಿ ಹೊಳೆಯುತ್ತಿದೆ. ಗುರುತು ಸಿಗದ ಹಾಗೆ ಮೂಲೆ ಬರೆದವನು ಬಚ್ಚಿಟ್ಟುಕೊಂಡಿದ್ದಾನೆ.

ಈ ಪರೀಕ್ಷೆಗಳೆಲ್ಲ ನಡೆಯಬೇಕಾದರೆ ಹೋಲಿಸಿ ನೋಡಲು ಒಂದು ಅಸಲಿ ಪ್ರತಿ ಎಲ್ಲಾದರೂ ಇರಬೇಕು. ಮೊನಾಕೊಗೆ ಹರಾಜು ಕ್ಯಾಟಲಾಗುಗಳಿವೆ, ಅಳತೆಗಳು ದಾಖಲಾಗಿವೆ. ನಮ್ಮ ಮೋಟಾರ್ ರೇಸಿಗೂ ವಯಸ್ಸಾಗುತ್ತಿದೆ. ಮದ್ರಾಸಿನ ಹತ್ತಿರದ ಶೋಲಾವರಂನ ಹಳೆಯ ವಿಮಾನ ಓಡುದಾರಿಯಲ್ಲಿ ದಶಕಗಳ ಕಾಲ ಕಾರು-ಬೈಕು ಓಡಿದವು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯ ಧೂಳು ಕುಡಿದವರು ಈಗ ಅಜ್ಜಂದಿರು. ಅವರ ಅಟ್ಟದ ಮೇಲಿನ ಟ್ರಂಕಿನಲ್ಲಿರುವ ಭಿತ್ತಿಪತ್ರ, ಟಿಕೆಟ್ಟು, ಕಾರಿಗೆ ಅಂಟಿಸಿದ್ದ ನಂಬರು ರದ್ದಿಗೆ ಹೋದರೆ, ನಾಳೆ ‘ಶೋಲಾವರಂ ವಿಂಟೇಜ್’ ಎಂದು ಯಾರೋ ಮಾರಲು ತಂದದ್ದನ್ನು ಯಾವುದರ ಪಕ್ಕ ಇಟ್ಟು ನೋಡುವುದು? ಅಸಲಿ ಇಲ್ಲದ ಕಡೆ ಖೋಟಾವನ್ನು ಖೋಟಾ ಎನ್ನುವುದಕ್ಕೂ ಆಗುವುದಿಲ್ಲ.

ನಮ್ಮೂರಿನ ಶಾಸನದ ವಿಷಯದಲ್ಲಿ ಆ ತೊಂದರೆ ಇಲ್ಲ. ಆಡೂರಿನ ಕಲ್ಲಿನಲ್ಲಿ ಬಾದಾಮಿ ಚಾಲುಕ್ಯರ ಕೀರ್ತಿವರ್ಮನ ಹೆಸರಿದೆ. ಕೀರ್ತಿವರ್ಮರು ಇಬ್ಬರು, ಒಬ್ಬ ಆರನೆಯ ಶತಮಾನದವನು, ಇನ್ನೊಬ್ಬ ಎಂಟನೆಯ ಶತಮಾನದವನು. ಇವನು ಯಾರು ಎಂದು ವಿದ್ವಾಂಸರು ಅಕ್ಷರದ ತಿರುವು ಹಿಡಿದು ವಾದಿಸಿದ್ದಾರೆ. ಅವರಲ್ಲಿ ಹೆಚ್ಚಿನವರ ಮುಂದಿದ್ದದ್ದು ಕಲ್ಲಲ್ಲ, ಕಾಗದ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಗೆ ಇಳಿಸಿ, ಮೇಲೆ ಮಸಿ ಒತ್ತಿ ತೆಗೆಯುವ ಪಡಿಯಚ್ಚು. ಮೈಸೂರಿನ ಶಾಸನ ಇಲಾಖೆಯ ಕಪಾಟುಗಳಲ್ಲಿ ಅಂಥವು ಸಾವಿರಾರು ಇವೆ, ಊರು, ಜಾಗ, ತೆಗೆದ ವರ್ಷ ಬರೆದುಕೊಂಡು. ಕೆಲವು ಊರುಗಳಲ್ಲಿ ಕಲ್ಲು ಒಡೆದು ಗೋಡೆ ಸೇರಿದೆ, ಕೆಲವು ಕಡೆ ಕೆರೆಯೊಳಗೆ ಮುಳುಗಿದೆ. ಅಲ್ಲೆಲ್ಲ ಈಗ ಓದಲು ಉಳಿದಿರುವುದು ಆ ಕಾಗದವೊಂದೇ.