ಹೊಳೆಗೆ ಆರತಿ ಎತ್ತಿದರೆ ಹರಿಹರದ ಗಲ್ಲಾ ತುಂಬುತ್ತದೆಯೇ?

ಹರಿಹರದ ತುಂಗಭದ್ರಾ ದಂಡೆಯಲ್ಲಿ ಕಾಶಿಯ ಗಂಗಾರತಿಯಂತೆ ಆರತಿ ನಡೆಯಬೇಕು, ಅದಕ್ಕಾಗಿ 108 ಯೋಗ ಮಂಟಪಗಳನ್ನು ಕಟ್ಟಬೇಕು ಎಂದು 2022ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ಆಯಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರೇ ಬಂದು ಅಡಿಗಲ್ಲು ಇಟ್ಟರು. ಇಂಥ ಯೋಜನೆ ಎಲ್ಲಿ ಬಂದರೂ ಅದರ ಹಿಂದೆಯೇ ಒಂದು ಮಾತು ಬರುತ್ತದೆ: "ಪ್ರವಾಸಿಗರು ಬರ್ತಾರೆ, ಊರು ಉದ್ಧಾರ ಆಗುತ್ತೆ."

ಬರ್ತಾರೆ, ಸರಿ. ಆದರೆ ಬಂದವರು ಊರಿಗೆ ಏನು ಬಿಟ್ಟು ಹೋಗ್ತಾರೆ? ಅದು ಯಾರ ಕೈ ಸೇರುತ್ತೆ?

ಭಕ್ತಿಯ ವಿಚಾರ ಬೇರೆ. ಅದನ್ನು ದುಡ್ಡಿನಿಂದ ಅಳೆಯಲು ಆಗುವುದಿಲ್ಲ, ಅಳೆಯಲೂಬಾರದು. ನಾವು ಇಲ್ಲಿ ಕೇಳುತ್ತಿರುವುದು ಸಂಪಾದನೆಯ ಪ್ರಶ್ನೆ ಮಾತ್ರ. ಅದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಹರಿಹರದ ಎಂಟುನೂರು ವರ್ಷದ ಕಥೆಯಲ್ಲೇ ಅದು ಇದೆ.

ದೇವಸ್ಥಾನ ನಡೆದದ್ದು ನೀರಿನಿಂದ

ಗುಹಾಸುರನನ್ನು ಕೊಲ್ಲಲು ಹರಿ ಮತ್ತು ಹರ ಒಂದೇ ರೂಪ ತಾಳಿದರು ಎಂಬುದು ಸ್ಥಳಪುರಾಣ. ಈಗ ನಾವು ನೋಡುವ ಹರಿಹರೇಶ್ವರ ದೇವಸ್ಥಾನವನ್ನು ಸುಮಾರು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ. ಮುಂದೆ 1268ರಲ್ಲಿ ಮೂರನೇ ನರಸಿಂಹನ ಮಂತ್ರಿ ಸೋಮ ದಂಡನಾಯಕ ಇದಕ್ಕೆ ಇನ್ನಷ್ಟು ಸೇರಿಸಿದ. ಮೈಸೂರು ಸೀಮೆಯ ಸೋಮನಾಥಪುರದ ದೇವಸ್ಥಾನ ಕಟ್ಟಿಸಿದವನೂ ಇದೇ ಸೋಮ.

ದೇವಸ್ಥಾನ ಕಟ್ಟಿದ ಮೇಲೆ ಅದನ್ನು ನಡೆಸಬೇಕಲ್ಲ? ಪೂಜೆ, ದೀಪದ ಎಣ್ಣೆ, ಅಡುಗೆ, ಓಲಗದವರು, ಕಸ ಗುಡಿಸುವವರು, ಎಲ್ಲದಕ್ಕೂ ವರ್ಷವಿಡೀ ಖರ್ಚು. ಯಾತ್ರಿಕರ ಕಾಣಿಕೆಯೊಂದನ್ನೇ ನಂಬಿ ಯಾರೂ ಕೂರಲಿಲ್ಲ. ಭೂಮಿ ಬಿಟ್ಟರು, ಭೂಮಿಗೆ ನೀರು ತಂದರು.

1410ರ ಹೊತ್ತಿನ ಶಾಸನವೊಂದು ಇದನ್ನೇ ಹೇಳುತ್ತದೆ. ಆಗ ವಿಜಯನಗರದ ಒಂದನೇ ದೇವರಾಯನ ಕಾಲ. ಸೂಳೆಕೆರೆ ಕಡೆಯಿಂದ ಬಂದು ಹರಿಹರದ ಹತ್ತಿರ ತುಂಗಭದ್ರೆಗೆ ಸೇರುವ ಹರಿದ್ರಾ ಹಳ್ಳಕ್ಕೆ ಕಟ್ಟೆ ಹಾಕಿ ಕಾಲುವೆ ತೆಗೆದರು. ಆ ಕಾಲುವೆಯ ನೀರು ಹರಿಯುವ ಭೂಮಿಯಲ್ಲಿ ದೇವರಿಗೆ ಎಷ್ಟು ಪಾಲು, ಕಾಲುವೆಗೆ ದುಡ್ಡು ಹಾಕಿದವರಿಗೆ ಎಷ್ಟು ಪಾಲು ಎಂಬುದನ್ನು ಕಲ್ಲಿನಲ್ಲೇ ಬರೆಸಿದರು. ಆಮೇಲೆ ಆ ಕಟ್ಟೆ ಒಡೆದುಹೋಯಿತು. 1424ರಲ್ಲಿ ಅದನ್ನು ಮತ್ತೆ ಕಟ್ಟಿಸಿದ್ದಕ್ಕೂ ಶಾಸನ ಇದೆ.

ಇದರಲ್ಲಿ ಎರಡು ಪಾಠ ಇವೆ. ಒಂದು, ದೇವಸ್ಥಾನದ ಊರು ಬದುಕಿದ್ದು ಸುತ್ತಲಿನ ಹೊಲಗದ್ದೆಯಿಂದ. ಎರಡು, ಲಾಭದಲ್ಲಿ ಯಾರಿಗೆ ಎಷ್ಟು ಎಂಬುದು ಆಗಲೇ ಬರಹದಲ್ಲಿತ್ತು.

ಕಾಯುವ ಊರು, ಹಾದುಹೋಗುವ ಊರು

ಹರಿಹರಕ್ಕೆ ಇನ್ನೊಂದು ಸಂಪಾದನೆ ಹೊಳೆಯಿಂದ ಬರುತ್ತಿತ್ತು. ಬೆಂಗಳೂರು ಕಡೆಯಿಂದ ಧಾರವಾಡದ ಕಡೆಗೆ ಹೋಗುವವರು ಇಲ್ಲೇ ತುಂಗಭದ್ರೆ ದಾಟಬೇಕು. ಸೇತುವೆ ಇಲ್ಲದ ಕಾಲದಲ್ಲಿ ಮಳೆಗಾಲದ ಹೊಳೆ ತುಂಬಿ ಹರಿದರೆ ಗಾಡಿ, ಎತ್ತು, ಸರಕು ಎಲ್ಲವೂ ಈಚೆ ದಂಡೆಯಲ್ಲೇ ನಿಲ್ಲಬೇಕು. ನಿಂತವರಿಗೆ ಊಟ ಬೇಕು, ಎತ್ತಿಗೆ ಮೇವು ಬೇಕು, ಮಲಗಲು ಜಾಗ ಬೇಕು. ಊರ ಹೊರಗೆ ಎರಡು ಮೈಲು ದೂರದಲ್ಲಿ ಬ್ರಿಟಿಷರ ದಂಡು ಕೂಡ 1865ರ ತನಕ ಇತ್ತು. ಸಿಪಾಯಿಗಳು ಇದ್ದ ಕಡೆ ಹಾಲು, ತರಕಾರಿ, ಸೌದೆ, ಹುಲ್ಲು ಮಾರುವವರಿಗೆ ದಿನಾ ವ್ಯಾಪಾರ.

1865ಕ್ಕೆ ದಂಡು ಎದ್ದುಹೋಯಿತು. ಮೂರೇ ವರ್ಷಕ್ಕೆ, 1868ರಲ್ಲಿ, ಸೇತುವೆ ಮುಗಿಯಿತು. ಕಲ್ಲು ಇಟ್ಟಿಗೆಯ ಈ ಸೇತುವೆಗೆ 60 ಅಡಿ ಅಗಲದ 14 ಕಮಾನು. ಆ ಕಾಲಕ್ಕೇ ಸುಮಾರು ಮೂರೂವರೆ ಲಕ್ಷ ರೂಪಾಯಿ ಖರ್ಚಾಗಿತ್ತು. ದೇಶಕ್ಕೆ ಅದು ಒಳ್ಳೆಯದೇ ಆಯಿತು. ಆದರೆ ಹರಿಹರದಲ್ಲಿ ಕಾಯಬೇಕಾದ ಕಾರಣ ಹೋಯಿತು. ಮುಂದೆ ರೈಲು ಬಂತು. ನಮ್ಮ ಕಾಲಕ್ಕೆ ಬಂದರೆ, ನಾಲ್ಕು ಪಥದ ಹೆದ್ದಾರಿ ಊರನ್ನು ಬದಿಗಿಟ್ಟೇ ಹೋಗುತ್ತದೆ. ರಸ್ತೆ ಸುಧಾರಿಸಿದಷ್ಟೂ ಊರಿನಲ್ಲಿ ನಿಲ್ಲುವವರು ಕಡಿಮೆಯಾದರು.

ಈ ಎಲ್ಲಾ ಕಾಲದಲ್ಲೂ ದೇವಸ್ಥಾನ ಅಲ್ಲೇ ಇತ್ತು. ನೋಡುವಂಥ ಜಾಗ ಇದ್ದ ಮಾತ್ರಕ್ಕೆ ಊರಿನ ಸಂಪಾದನೆ ನಿಲ್ಲಲಿಲ್ಲ.

ಹದಿನಾಲ್ಕು ಕಿಲೋಮೀಟರ್ ದೂರದ ಸಾಕ್ಷಿ

ಇದಕ್ಕೆ ಪಕ್ಕದ ದಾವಣಗೆರೆಯೇ ಸಾಕ್ಷಿ. ಹರಿಹರದಂಥ ಎಂಟುನೂರು ವರ್ಷದ ದೊಡ್ಡ ದೇವಸ್ಥಾನ ಅಲ್ಲಿಲ್ಲ, ಹೊಳೆಯೂ ಇಲ್ಲ. ಮೊದಲಿಗೆ ಅದು ಬೇತೂರಿಗೆ ಹೊಂದಿಕೊಂಡ ಸಣ್ಣ ಹಳ್ಳಿ. ಹೈದರಾಲಿ ಅದನ್ನು ಅಪ್ಪಾಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವ್ಯಾಪಾರಿಗಳನ್ನು ಕರೆದು ನೆಲೆಸಲು ಉತ್ತೇಜನ ಕೊಟ್ಟ. ಊರು ಬೆಳೆದದ್ದು ಅಲ್ಲಿಂದ.

1901ರ ಜನಗಣತಿ ನೋಡಿ. ಹರಿಹರದಲ್ಲಿ 5,843 ಜನ, ದಾವಣಗೆರೆಯಲ್ಲಿ 10,402. 2011ರ ಹೊತ್ತಿಗೆ ಹರಿಹರ 83 ಸಾವಿರ, ದಾವಣಗೆರೆ 4.3 ಲಕ್ಷದ ಮೇಲೆ. ದಾವಣಗೆರೆಗೆ ಮೊದಲು ಸಂತೆ ಬಂತು. 1930ರ ದಶಕದಿಂದ ಹತ್ತಿ ಗಿರಣಿಗಳು ಬಂದವು, ಜನ ಅದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದರು. ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಊರಿನ ಕೈ ಹಿಡಿದದ್ದು ಕಾಲೇಜುಗಳು. ಓದಲು ಬರುವ ಹುಡುಗ ಹುಡುಗಿಯರೂ ಹೊರಗಿನಿಂದ ಬಂದವರೇ. ಆದರೆ ಅವರು ಒಂದು ಸಂಜೆಗೆ ಬಂದು ಹೋಗುವವರಲ್ಲ, ನಾಲ್ಕೈದು ವರ್ಷ ನಿಲ್ಲುವವರು. ರೂಮಿನ ಬಾಡಿಗೆ, ಮೆಸ್ಸಿನ ಊಟ, ಜೆರಾಕ್ಸ್ ಅಂಗಡಿ, ಹಾಲಿನವರು, ಆಟೋದವರು, ಎಲ್ಲರಿಗೂ ತಿಂಗಳು ತಿಂಗಳು ಅವರಿಂದ ವ್ಯಾಪಾರ.

ಹರಿಹರವೂ ಇಂಥ ಕಾಲ ಕಂಡಿದೆ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಹರಿಹರದ ಲೇತ್ ಮಷೀನು ದೇಶದ ಎಷ್ಟೋ ವರ್ಕ್‌ಶಾಪುಗಳಿಗೆ ಹೋಯಿತು. ಸುತ್ತಲಿನ ಹಳ್ಳಿಗಳ ಮಕ್ಕಳು ಕೈಕೆಲಸ ಕಲಿತರು, ಪಗಾರದಲ್ಲಿ ಮನೆ ಕಟ್ಟಿದರು. 2000ದ ಆಸುಪಾಸಿನಲ್ಲಿ ಅದು ಮುಚ್ಚಿತು. ಹರಿಹರದವರು ಇವತ್ತು ಪ್ರವಾಸೋದ್ಯಮದ ಕಡೆ ಇಷ್ಟು ಆಸೆಯಿಂದ ನೋಡುವುದರ ಹಿಂದೆ ಆ ಮುಚ್ಚಿದ ಗೇಟು ಇದೆ. ಆ ಆಸೆ ತಪ್ಪಲ್ಲ. ಆದರೆ ತಿಂಗಳ ಪಗಾರ ಹೋದ ಜಾಗಕ್ಕೆ ಸಂಜೆ ಒಂದು ಗಂಟೆಯ ವ್ಯಾಪಾರ ಬಂದರೆ ಸಮ ಆಗುತ್ತದೆಯೇ?

ಒಂದು ಬಾಯಿಲೆಕ್ಕ

ಜನ ಸೇರುವುದು ಹರಿಹರಕ್ಕೆ ಹೊಸದಲ್ಲ. ಹರಿಹರೇಶ್ವರನ ತೇರು ಇದೆ. ಆರೋಗ್ಯಮಾತೆಯ ಬಸಿಲಿಕಾಕ್ಕೆ ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲಾ ಜಾತಿ ಧರ್ಮದವರೂ ಬರುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಪಂಚಮಸಾಲಿ ಪೀಠದಲ್ಲಿ ಹರ ಜಾತ್ರೆ, ಫೆಬ್ರವರಿಯಲ್ಲಿ ರಾಜನಹಳ್ಳಿಯ ವಾಲ್ಮೀಕಿ ಜಾತ್ರೆ. ಆರತಿ ಬಂದರೆ ಈ ಪಟ್ಟಿಗೆ ಇನ್ನೊಂದು ಸೇರುತ್ತದೆ. ಹಾಗಾಗಿ ಎಷ್ಟು ಜನ ಬರುತ್ತಾರೆ ಎನ್ನುವುದಕ್ಕಿಂತ ಎಷ್ಟು ಹೊತ್ತು ನಿಲ್ಲುತ್ತಾರೆ ಎನ್ನುವುದೇ ಮುಖ್ಯ.

ಒಂದು ಉದಾಹರಣೆ ಹಿಡಿಯೋಣ. ಅಂಕಿ ನಮ್ಮ ಬಾಯಿಲೆಕ್ಕದ್ದು, ನೀವು ನಿಮ್ಮ ಲೆಕ್ಕ ಹಾಕಿಕೊಳ್ಳಿ. ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ನಾಲ್ಕು ಜನರ ಒಂದು ಕುಟುಂಬ ಸಂಜೆ ಆರತಿ ನೋಡಲು ಹೊರಟಿತು. ಹಣ್ಣುಕಾಯಿ, ಹೂವಿಗೆ 100 ರೂಪಾಯಿ. ಹರಿಹರದಲ್ಲಿ ಆಟೋಕ್ಕೆ 60. ಮಂಡಕ್ಕಿ, ಮಿರ್ಚಿ, ಚಹಾಕ್ಕೆ 120. ಒಟ್ಟು 280. ರಾತ್ರಿ ಒಂಬತ್ತಕ್ಕೆ ವಾಪಸ್ ಮನೆಗೆ ಬಂದು ಊಟ. ಹೊರ ಜಿಲ್ಲೆಯಿಂದ ಬಂದವರೂ ಆರತಿ ಮುಗಿಸಿ ದಾವಣಗೆರೆಗೆ ಹೋಗಿ ಲಾಡ್ಜ್ ಹಿಡಿದು, ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಮುಂದಕ್ಕೆ ಹೋದರೆ? ನೋಡಿದ್ದು ಹರಿಹರ, ದುಡ್ಡು ಬಿದ್ದದ್ದು ದಾವಣಗೆರೆಯಲ್ಲಿ.

ಅದೇ ಒಂದು ಕುಟುಂಬ ಹರಿಹರದಲ್ಲೇ ರಾತ್ರಿ ತಂಗಿದರೆ ರೂಮು, ಎರಡು ಹೊತ್ತು ಊಟ, ಓಡಾಟ ಸೇರಿ 2,500 ರೂಪಾಯಿ ಎಂದಿಟ್ಟುಕೊಳ್ಳಿ. ಅಂದರೆ ತಂಗುವ ಒಂದು ಮನೆಯವರು ಸಂಜೆ ಬಂದು ಹೋಗುವ ಒಂಬತ್ತು ಮನೆಯವರಿಗೆ ಸಮ. ಒಂಬತ್ತು ಮನೆಯವರು ಬಂದರೆ ಒಂಬತ್ತು ಗಾಡಿ ನಿಲ್ಲಿಸಬೇಕು, ಅವರು ಬಿಟ್ಟುಹೋದ ಕಸವನ್ನು ನಗರಸಭೆ ಎತ್ತಬೇಕು. ಸಂಪಾದನೆ ಅಂಗಡಿಗೆ, ಖರ್ಚು ನಗರಸಭೆಗೆ.

ಆ 280ರಲ್ಲಿ ಊರಲ್ಲಿ ಉಳಿಯುವುದೆಷ್ಟು ಎಂಬುದನ್ನೂ ನೋಡಬೇಕು. ಪ್ಲಾಸ್ಟಿಕ್ ಆಟಿಕೆ ಮಾರಿದರೆ ಹೆಚ್ಚಿನ ಪಾಲು ದೂರದ ಫ್ಯಾಕ್ಟರಿಗೆ ಹೋಗುತ್ತದೆ. ಮಂಡಕ್ಕಿ ಮಾರಿದರೆ ಭಟ್ಟಿಯವರಿಗೆ ಒಂದಿಷ್ಟು, ಭದ್ರಾ ಕಾಲುವೆಯ ನೀರಲ್ಲಿ ಭತ್ತ ಬೆಳೆದ ರೈತರಿಗೆ ಒಂದಿಷ್ಟು. ಹೂವು ಅಕ್ಕಪಕ್ಕದ ಹಳ್ಳಿಯದ್ದಾದರೆ ಆ ಹಳ್ಳಿಗೂ ಆರತಿಯ ಪಾಲು ಸಿಕ್ಕಂತೆ.

ಹಂಪಿ ಕೊಟ್ಟ ಎಚ್ಚರಿಕೆ

ಇದೇ ಹೊಳೆಯ ಕೆಳಗಿನ ಹಂಪಿಗೆ 1986ರಲ್ಲೇ ಯುನೆಸ್ಕೊ ಪಟ್ಟಿಯಲ್ಲಿ ಜಾಗ ಸಿಕ್ಕಿತು. ದೇಶ ವಿದೇಶದಿಂದ ಜನ ಬರುತ್ತಾರೆ. ಆದರೆ ಬಂದವರಲ್ಲಿ ಬಹಳಷ್ಟು ಜನ ಉಳಿಯುವುದು ಹೊಸಪೇಟೆಯಲ್ಲಿ. ವಿರೂಪಾಕ್ಷ ಗುಡಿಯ ಎದುರಿನ ಹಂಪಿ ಬಜಾರಿನಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರ ಜುಲೈನಲ್ಲಿ ಒಕ್ಕಲೆಬ್ಬಿಸಿದರು. ಸ್ಮಾರಕ ಉಳಿಸಬೇಕು ಎಂಬುದು ಸರ್ಕಾರದ ಮಾತು. ಬದುಕು ಹೋಯಿತು ಎಂಬುದು ಅಲ್ಲಿದ್ದವರ ಮಾತು.

ಹರಿಹರೇಶ್ವರ ದೇವಸ್ಥಾನವೂ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಇಂಥ ಸ್ಮಾರಕದಿಂದ 100 ಮೀಟರ್ ತನಕ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕು. ಗುಡಿಯ ಹತ್ತಿರ ಮನೆ ಇದ್ದವರು "ಮೇಲೆ ಎರಡು ರೂಮು ಹಾಕಿ ಬಾಡಿಗೆಗೆ ಕೊಡೋಣ" ಎಂದು ಸಾಲ ಮಾಡುವ ಮುಂಚೆ ಈ ನಿಯಮ ವಿಚಾರಿಸಿಕೊಳ್ಳಬೇಕು.

ಇನ್ನು ಹೊಳೆ. ಆರತಿ ನಡೆಯುವುದು ನೀರಿಗೆ. 1980ರ ದಶಕದಲ್ಲಿ ತುಂಗಭದ್ರೆಯ ನೀರು ಕೆಟ್ಟಿತೆಂದು ದಂಡೆಯ ಹಳ್ಳಿಗಳವರು, ಸಮಾಜ ಪರಿವರ್ತನ ಸಮುದಾಯದವರು ದೊಡ್ಡ ಹೋರಾಟ ಮಾಡಿದ್ದು ಈ ಭಾಗದ ಹಿರಿಯರಿಗೆ ನೆನಪಿದೆ. ಬೇಸಿಗೆಯಲ್ಲಿ ಹರಿವು ಸಣ್ಣದಾದಾಗ ಚರಂಡಿ ನೀರು ಬಂದು ಸೇರಿದರೆ, ಒಮ್ಮೆ ಬಂದವರು ಎರಡನೇ ಸಲ ಬರುವುದಿಲ್ಲ. ಆದ್ದರಿಂದ ಚರಂಡಿ ನೀರು ಶುದ್ಧ ಮಾಡುವುದಕ್ಕೆ ಹಾಕುವ ದುಡ್ಡೂ ಪ್ರವಾಸೋದ್ಯಮದ ದುಡ್ಡೇ.

ಹಾಗಾದರೆ ಲಾಭ ಇದೆಯೋ ಇಲ್ಲವೋ?

ಇದೆ. ಆದರೆ ಹೇಳುವಷ್ಟು ದೊಡ್ಡದಲ್ಲ, ತಾನಾಗಿ ಬರುವುದೂ ಇಲ್ಲ. ಹೂ ಮಾರುವವರು, ಆಟೋದವರು, ಚಹಾದಂಗಡಿಯವರು, ಮಂಡಕ್ಕಿ ಗಾಡಿಯವರು, ಇವರಿಗೆ ಸಂಜೆಯ ವ್ಯಾಪಾರ ಹೆಚ್ಚಬಹುದು. ಕಾರ್ಖಾನೆ ಹೋದ ನಷ್ಟವನ್ನು ಆರತಿಯೊಂದೇ ತುಂಬಿಕೊಡುತ್ತದೆ ಎಂದು ನಂಬುವುದಕ್ಕೆ ಹರಿಹರದ ಇತಿಹಾಸದಲ್ಲಿ ಆಧಾರ ಸಿಗುವುದಿಲ್ಲ. ಊರು ಗಳಿಸಿದ್ದು ಜನ ನಿಂತಾಗ, ಹೊಲಕ್ಕೆ ನೀರು ಬಂದಾಗ, ಕೈಗೆ ಕೆಲಸ ಸಿಕ್ಕಾಗ.

ಜನ ನಿಲ್ಲಬೇಕಾದರೆ ಆರತಿ ಒಂದೇ ಸಾಲದು. ಬೆಳಿಗ್ಗೆ ದೇವಸ್ಥಾನ ಮತ್ತು ಶಾಸನಗಳನ್ನು ವಿವರಿಸಿ ತೋರಿಸಲು ತರಬೇತಿ ಪಡೆದ ಊರಿನ ಯುವಕ ಯುವತಿಯರು ಬೇಕು. ಕೊಂಡಜ್ಜಿ, ಸಂತೇಬೆನ್ನೂರಿನ ಪುಷ್ಕರಣಿ, ಸೂಳೆಕೆರೆ ಸೇರಿಸಿ ಎರಡು ದಿನದ ಸುತ್ತಾಟ ಹರಿಹರದಿಂದಲೇ ಹೊರಡುವಂತೆ ಬಸ್ಸು ಬೇಕು. ಕಡಿಮೆ ಬಾಡಿಗೆಯ, ಶೌಚಾಲಯ ಚೊಕ್ಕವಾಗಿರುವ ಯಾತ್ರಿ ನಿವಾಸ ಬೇಕು.

ಈ ಮಾತು ಹರಿಹರಕ್ಕೆ ಮಾತ್ರ ಅಲ್ಲ. ನಾಳೆ ನಿಮ್ಮೂರ ಕೆರೆಗೋ ಗುಡ್ಡಕ್ಕೋ "ಪ್ರವಾಸಿ ತಾಣ" ಎಂಬ ಬೋರ್ಡು ಬರಬಹುದು. ಆಗ ಗ್ರಾಮಸಭೆಯಲ್ಲಿ ಎದ್ದು ನಿಂತು ಇಷ್ಟು ಕೇಳಿ:

ಬಂದವರು ರಾತ್ರಿ ಎಲ್ಲಿ ಮಲಗುತ್ತಾರೆ?

ಅಂಗಡಿ ಮಳಿಗೆ ಹರಾಜಿನಲ್ಲಿ ಊರಿನವರಿಗೆ, ಮಹಿಳಾ ಸಂಘಗಳಿಗೆ ಎಷ್ಟು ಮೀಸಲು?

ಪಾರ್ಕಿಂಗ್ ದುಡ್ಡು ಪಂಚಾಯಿತಿಗೋ, ಗುತ್ತಿಗೆದಾರನಿಗೋ?

ಈಗ ಅಲ್ಲಿ ವ್ಯಾಪಾರ ಮಾಡುತ್ತಿರುವವರು ನಾಳೆಯೂ ಅಲ್ಲೇ ಇರುತ್ತಾರೋ?

ಕಸ ಮತ್ತು ನೀರಿನ ಖರ್ಚು ಯಾರ ತಲೆಗೆ?

ಉತ್ತರ ಬಾಯಲ್ಲಿ ಕೊಟ್ಟರೆ ಒಪ್ಪಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ. 1410ರಲ್ಲಿ ಹರಿದ್ರೆಯ ಕಟ್ಟೆಗೆ ದುಡ್ಡು ಹಾಕಿದವರು ತಮ್ಮ ಪಾಲನ್ನು ಕಲ್ಲಿನಲ್ಲಿ ಬರೆಸಿದ್ದರು. ನಾವು ಕಾಗದದಲ್ಲಾದರೂ ಬರೆಸೋಣ.